‘ನಮ್ದೇ’ ಎಂದು ಅಡವಿಟ್ಟ ಸರ

ಮೊನ್ನೆ ಅತ್ತಿಗೆ ತಮ್ಮ ಚಿನ್ನದ ಅವಲಕ್ಕಿ ಸರವನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ಹಳೇ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಆ ನೊರೆಯ ವಾಸನೆಗೆ ಬೇರೆಯವರಿಗೆ ಮದುವೆಮನೆ ನೆನಪಾಗಬಹುದು. ನನಗೆ ಕಾನೂನು ನೆನಪಾಗುತ್ತದೆ. ಯಾಕೆಂದರೆ, ಸ್ವಾಮಿ, ಅದೇ ಸರವನ್ನು ನಾನೊಮ್ಮೆ ಅಡವಿಟ್ಟಿದ್ದೆ.

ಆಗ ನಾನು ಮಲ್ಲಂದೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವವನನ್ನು ರೈಟರ್ ಎಂದು ಕರೆದದ್ದೇ ತಪ್ಪಾಯಿತು. ಅಂಥವನು ನಡೆದುಕೊಂಡು ಓಡಾಡಬಾರದು, ಬೈಕು ಬೇಕು ಎಂದು ತಲೆಗೆ ಹೊಕ್ಕಿತು. ಅತ್ತಿಗೆ ಬಾಣಂತನಕ್ಕೆ ಕಳಸದ ತವರಿಗೆ ಹೋಗಿದ್ದರು. ಅವರ ತಾಯಿ ಕೊಟ್ಟ ಸರ ನಮ್ಮ ಮನೆಯ ಟ್ರಂಕಿನಲ್ಲಿತ್ತು.

ಗಿರವಿ ಅಂಗಡಿಯ ವಾಸಣ್ಣ ಕಾಯಿದೆಗೆ ತಲೆಬಾಗುವವರು. ಬೇರೆಯವರ ಒಡವೆ ಎಂದು ಗೊತ್ತಿದ್ದೂ ಹಿಡಿಯಬಾರದು ಎಂಬುದು ಅವರ ವ್ರತ. ವ್ರತ ಕೆಡದಿರಲು ಸುಲಭದ ದಾರಿ, ಗೊತ್ತು ಮಾಡಿಕೊಳ್ಳದೇ ಇರುವುದು. ಸರ ತೂಗಿ ಆದ ಮೇಲೆ ಕೇಳಿದರು, “ನಿಮ್ದೇನಾ?”

“ನಮ್ದೇ.”

ನಾನು ಸುಳ್ಳು ಹೇಳಲಿಲ್ಲ, ಗಮನಿಸಿ. ನಮ್ಮಲ್ಲಿ ಪಕ್ಕದ ಮನೆಯ ಏಣಿಯೂ ನಮ್ದೇ, ಯಜಮಾನರ ಇಡೀ ಎಸ್ಟೇಟೂ ‘ನಮ್ ತೋಟ’ವೇ. ವಾಸಣ್ಣ ಅದನ್ನು ‘ಸ್ವಂತದ್ದು’ ಎಂದು ಬರೆದುಕೊಂಡರು.

ಮಗುವಿನೊಂದಿಗೆ ವಾಪಸು ಬಂದ ಅತ್ತಿಗೆ ಟ್ರಂಕು ತೆಗೆದರು, ಅಂಗಳದ ಬೈಕು ನೋಡಿದರು. “ಹೋಗ್ಲಿ ಬಿಡು, ಮನೆಯವನೇ ತಾನೆ” ಎಂದ ಅಣ್ಣ. ಅತ್ತಿಗೆ ನನ್ನನ್ನು ಕೇಳಿದ್ದು ಒಂದೇ, “ಯಾವ ಅಂಗಡಿ?” ಮರುದಿನ ಮದುವೆಯ ಫೋಟೋ ಹಿಡಿದು, ನನ್ನನ್ನೂ ಹೊರಡಿಸಿಕೊಂಡು, ವಾಸಣ್ಣನ ಎದುರು ಕೂತರು.

ವಾಸಣ್ಣ ಫೋಟೋ ನೋಡಿದರು. “ಸರ ನಿಮ್ದು ಅಂತ ಈಗ ಗೊತ್ತಾಯ್ತಮ್ಮ. ಆದ್ರೆ ಇವ್ರು ಕದ್ದಿದ್ದು ಅಂತ ಬರವಣಿಗೇಲಿ ಬೇಕು. ಇಲ್ದಿದ್ರೆ ಸಾಲ ತೀರ್ಸಿ ಬಿಡಿಸ್ಕೊಳ್ಳಿ.”

ಸಾಲದ ದುಡ್ಡು ಬೈಕಾಗಿ ಅಂಗಳದಲ್ಲಿ ನಿಂತಿತ್ತು. ಸರ ಬೇಕೆಂದರೆ ಅತ್ತಿಗೆ ಮೈದುನನನ್ನು ಕಳ್ಳ ಅನ್ನಬೇಕು. ಅನ್ನಲಾರರು ಎಂಬ ಧೈರ್ಯದಲ್ಲಿ ನಾನು ಗೋಡೆಯ ಕ್ಯಾಲೆಂಡರ್ ಓದುತ್ತ ಕೂತೆ. ಮನೆತನದ ಮರ್ಯಾದೆಯ ಮೇಲೆ ನನಗೆ ಅಷ್ಟೊಂದು ನಂಬಿಕೆ.

ಅತ್ತಿಗೆ ಒಂದು ಬಿಳಿ ಹಾಳೆ ಕೇಳಿ ಪಡೆದು ನನ್ನ ಮುಂದಿಟ್ಟರು. “ನಿನ್ ಅಕ್ಷರ ಚೆನ್ನಾಗಿದೆ. ಬರಿ ಮಾರಾಯ, ಸ್ಟೇಷನ್ನಿಗೆ ದೂರು.”

ಬರೆದೆ. ‘ನನ್ನ ಮೈದುನನು ಸರವನ್ನು ತೆಗೆದುಕೊಂಡು ಹೋಗಿ...’

“ತೆಗೆದುಕೊಂಡು ಅಲ್ಲ. ಕದ್ದು.”

ತಿದ್ದಿದೆ. ಅತ್ತಿಗೆ ಸಹಿ ಹಾಕಿದರು. ವಾಸಣ್ಣ ಓದಿ, ಪೊಲೀಸರು ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೆನೆದುಕೊಂಡು, ಕಾಯಿದೆಯಲ್ಲಿ ಹೇಳಿದ್ದಕ್ಕಿಂತ ಬೇಗ ಸರ ತೆಗೆದುಕೊಟ್ಟರು. ಸಂಜೆಯೊಳಗೆ ಸಾಲಕ್ಕೆ ಬದಲಾಗಿ ನನ್ನ ಬೈಕು ಅವರ ಅಂಗಡಿಯ ಮುಂದಿತ್ತು. ದೂರು ಅತ್ತಿಗೆಯ ಕೈಚೀಲದಲ್ಲಿ ಮನೆಗೆ ಬಂತು. ಆಮೇಲೆ ಅದರ ಮಾತೇ ಬರಲಿಲ್ಲ.

ಇಷ್ಟು ವರ್ಷ ಕೇಳಲು ನನಗೆ ಧೈರ್ಯವಿರಲಿಲ್ಲ. ಮೊನ್ನೆ ಸರಕ್ಕೆ ನೀರು ಹೊಯ್ಯುತ್ತ ಕೇಳಿಯೇಬಿಟ್ಟೆ, “ಅತ್ತಿಗೆ, ಅವತ್ತು ವಾಸಣ್ಣ ಸರ ಕೊಡ್ದೇ ಇದ್ದಿದ್ರೆ, ಆ ದೂರು ನಿಜವಾಗ್ಲೂ ಸ್ಟೇಷನ್ನಿಗೆ ಕೊಡ್ತಿದ್ರಾ?”

“ಕೊಡ್ತಿದ್ದೆ” ಅಂದರು. ಸರವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದರು. “ಕೊಟ್ಟು, ಮನೆಗೆ ಬಂದು ಅಡಿಗೆ ಮಾಡಿ, ನಿಂಗೆ ಅಲ್ಲಿಗೇ ಊಟ ತರ್ತಿದ್ದೆ.”