ವಿಶೇಷಕ್ಕೆ ಮುಂಚಿನ ಮಾತ್ರೆ

ನಮ್ಮ ಫ್ರಿಜ್ಜಿನ ಮೇಲೊಂದು ಹಳೆಯ ಬಿಸ್ಕತ್ತಿನ ಡಬ್ಬಿಯಿದೆ. ಬಿಸ್ಕತ್ತು ಎಂದೋ ಮುಗಿದು, ಈಗ ಅದರೊಳಗೆ ಅತ್ತೆಯ ಬಿ.ಪಿ., ಗಂಡನ ಗ್ಯಾಸ್ಟ್ರಿಕ್ಕು, ಎಲ್ಲರ ತಲೆನೋವು ಒಟ್ಟು ಕುಟುಂಬದ ಹಾಗೆ ಬಾಳುತ್ತಿವೆ. ಅವುಗಳ ನಡುವೆ ನಾನು ತೊಗರಿಬೇಳೆಯಷ್ಟು ಚಿಕ್ಕ ಹಳದಿ ಮಾತ್ರೆಗಳ ಹಾಳೆಯೊಂದನ್ನು ಗುಟ್ಟಾಗಿ ಸೇರಿಸಿದೆ. ಮಾತ್ರೆ ಬಚ್ಚಿಡಲು ಮಾತ್ರೆಗಳ ಗುಂಪಿಗಿಂತ ಒಳ್ಳೆಯ ಜಾಗ ಯಾವುದೆಂಬ ಜಾಣತನ ನನ್ನದು. ಅದು ಫೋಲಿಕ್ ಆಸಿಡ್; ಗರ್ಭ ನಿಲ್ಲುವ ಮೊದಲೇ ಶುರು ಮಾಡಬೇಕೆಂದು ತುಮಕೂರಿನ ಡಾಕ್ಟರಮ್ಮ ಹೇಳಿದ್ದರು.

ಆ ‘ಮೊದಲೇ’ಯಲ್ಲಿದೆ ನೋಡಿ ತೊಂದರೆ. ಜ್ವರ ಬಂದ ಮೇಲೆ ಮಾತ್ರೆ ನುಂಗುವ ಜನ ನಾವು. ಇನ್ನೂ ಹೊರಡದ ಅತಿಥಿಗೆ ಎಲೆ ಹಾಕಿಡುವ ಈ ವೈದ್ಯವನ್ನು ನಮ್ಮೂರು ಗುಬ್ಬಿಯಲ್ಲಿ ಯಾರಿಗೆಂದು ವಿವರಿಸಲಿ? ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ಎರಡೇ ಸ್ಥಿತಿ: ಒಂದು ‘ವಿಶೇಷ’, ಇನ್ನೊಂದು ‘ಇನ್ನೂ ಏನೂ ವಿಶೇಷ ಇಲ್ವಾ?’ ಹೋದ ವರ್ಷ ನನಗೆ ವಿಶೇಷವಾದಾಗ ಅತ್ತೆ ಸಂತೆಯ ಸೊಪ್ಪಿನವಳಿಗೂ ಸುದ್ದಿ ಮುಟ್ಟಿಸಿ ಬಂದಿದ್ದರು. ಮೂರನೆಯ ತಿಂಗಳಲ್ಲಿ ಅದು ಹೋಯಿತು. ಹಂಚಿದ ಸುದ್ದಿಯನ್ನು ವಾಪಸು ಪಡೆಯುವ ದಾರಿಯಿಲ್ಲವಾಗಿ, ಸೊಪ್ಪಿನವಳು ಸೊಪ್ಪಿನ ಜೊತೆ ಅನುಕಂಪವನ್ನೂ ಕೊಸರು ಹಾಕತೊಡಗಿದಳು. ಮಗು ಹೋದದ್ದಕ್ಕಿಂತ ಆ ಕೊಸರಿಗೆ ನಾನು ಹೆಚ್ಚು ಅತ್ತಿದ್ದೇನೆ. ಈ ಸಲ ನಮ್ಮ ಆಸೆ ನಮ್ಮಿಬ್ಬರಲ್ಲೇ ಇರಲೆಂದು ಗಂಡನಿಂದ ಭಾಷೆ ತೆಗೆದುಕೊಂಡಿದ್ದೆ.

ಮೊನ್ನೆ ಪಕ್ಕದ ಮನೆಯ ಗಿರಿಜಕ್ಕ ತಲೆನೋವಿಗೆ ಮಾತ್ರೆ ಕೇಳಿಕೊಂಡು ಬಂದರು. ಅತ್ತೆ ಉದಾರವಾಗಿ ಡಬ್ಬಿಯನ್ನೇ ಮುಂದಿಟ್ಟರು. ಗಿರಿಜಕ್ಕನ ಕೈಗೆ ಸಿಕ್ಕಿದ್ದು ಹಳದಿ ಹಾಳೆ.

“ನಮ್ ಮಗ್ಳು ಬಸ್ರಿ ಆಗಿದ್ದಾಗ ಇದ್ನೇ ಕೊಟ್ಟಿದ್ರು ಕಣಕ್ಕ,” ಎಂದವರ ಕಣ್ಣು ನನ್ನ ಹೊಟ್ಟೆಗಿಳಿಯಿತು. “ಏನ್ ಜಯಕ್ಕ, ನಿನ್ ಸೊಸೆ ವಿಶೇಷಾನಾ?”

ಅತ್ತೆ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಸಂಜೆಯೊಳಗೆ ಸಂತೆಗೆಲ್ಲ ಗೊತ್ತಾಯಿತು ಅಂದುಕೊಂಡೆ.

“ಅಯ್ಯೋ, ಅದು ನಂದು ಬುಡು ಗಿರಿಜಾ,” ಎಂದರು ಅತ್ತೆ. “ರಕ್ತ ಕಮ್ಮಿ ಆಗೈತೆ ಅಂತ ಡಾಕ್ಟ್ರು ಬರ್ಕೊಟ್ಟವ್ರೆ.”

ಗಿರಿಜಕ್ಕ ನಂಬಿದಂತೆ ಕಾಣಲಿಲ್ಲ. ಆಗ ಅರವತ್ತು ದಾಟಿದ ನಮ್ಮತ್ತೆ, ನಾಳೆ ಹುಟ್ಟಬಹುದಾದ ಮೊಮ್ಮಗುವಿನ ಪಾಲಿನ ಮಾತ್ರೆಯೊಂದನ್ನು ಬಿಡಿಸಿ, ನೀರೂ ಇಲ್ಲದೆ ಅವರ ಎದುರಿಗೇ ಗುಳುಂ ಮಾಡಿದರು.

ಗಿರಿಜಕ್ಕ ಹೋದ ಮೇಲೆ ನಾನು, “ಇನ್ನೂ ಏನೂ ಇಲ್ಲ ಅತ್ತೆ, ಮೊದ್ಲೇ ತಗೋಬೇಕಂತೆ,” ಎಂದು ತೊದಲಿದೆ. ಅವರು ಹಾಳೆಯನ್ನು ನನ್ನ ಅಂಗೈಗೆ ತುರುಕಿ ಬೆರಳು ಮಡಿಸಿದರು.

“ವಿಶೇಷ ಆದ್ರೂ ನಂಗೆ ಹೇಳ್ಬೇಡ ಕಣೇ,” ಎಂದರು. “ನನ್ ಬಾಯ್ ಮೇಲೆ ನಂಗೇ ನಂಬ್ಕೆ ಇಲ್ಲ.”