ಕೋಳಿಗೆ ಆರಿಸಿದ ಹರಳು

ನನಗೆ ಹೊಟ್ಟೆಕಿಚ್ಚು ಬಂದದ್ದು ಒಂದು ಕೋಳಿಯ ಮೇಲೆ. ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆಗುವುದಿಲ್ಲ.

ನಾವು ಬೀದರ ಕಡೆಯವರು, ಮನೆಯಲ್ಲಿ ತತ್ತಿಯ ಸುದ್ದಿಯೇ ಇಲ್ಲ. ನಾಸಿಕದಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಹೆಂಗಸು ಮಗಳ ಬಾಣಂತನಕ್ಕೆಂದು ಗಂಗಾಪುರಕ್ಕೆ ಹೊರಟಾಗ ತನ್ನ ಎರಡು ಕೋಳಿಗಳನ್ನು ನಮ್ಮ ಹಿತ್ತಲಿಗೆ ಬಿಟ್ಟು ಹೋದಳು. ನಿವೃತ್ತರಾಗಿ ಮನೆಯಲ್ಲಿದ್ದ ನನ್ನ ಗಂಡ, ಇರಲಿ ಬಿಡು ಎಂದರು. ತತ್ತಿಗಳು ಎದುರು ಮನೆಗೆ ಹೋಗುತ್ತಿದ್ದವು. ಕೋಳಿಗಳನ್ನು ಮಾತ್ರ ಅಂಗೈಯಲ್ಲಿಟ್ಟು ಸಾಕತೊಡಗಿದರು.

ಚಳಿಗಾಲ ಬಂತು. ಬಿಸಿಲೇರುವವರೆಗೆ ಗೂಡಿನ ಬಾಗಿಲು ತೆಗೆಯುವಂತಿರಲಿಲ್ಲ. ತೆಗೆದರೂ ಹಿತ್ತಲಿಗೆಲ್ಲ ಶಹಾಬಾದ್ ಫರಸಿಕಲ್ಲು ಹಾಸಿದೆ, ಕೆದರಲು ಹಿಡಿ ಮಣ್ಣಿಲ್ಲ. ಒಂದು ದಿನ ಬಿಳಿ ಕೋಳಿ ಜೋಳ ಮುಟ್ಟದೆ, ಕುತ್ತಿಗೆ ಒಳಗೆಳೆದುಕೊಂಡು ಮೂಲೆ ಹಿಡಿಯಿತು. ಫೋನು ಮಾಡಿದರೆ ಪಕ್ಕದ ಮನೆಯವಳು ಚೆನ್ನಾಗಿ ಬೈದಳಂತೆ. ಕೋಳಿಗೆ ಹಲ್ಲಿಲ್ಲ, ನುಂಗಿದ ಸಣ್ಣ ಹರಳುಗಳೇ ಹೊಟ್ಟೆಯೊಳಗೆ ಕಾಳು ಅರೆಯಬೇಕು, ಹೊರಗೆ ಬಿಡದಿದ್ದರೆ ಹರಳು ನೀವೇ ಇಡಬೇಕು ಎಂದಳಂತೆ.

ಅಂದಿನಿಂದ ಈ ಮನುಷ್ಯ ಹರಳಿನ ಬೆನ್ನು ಹತ್ತಿದರು. ಮನೆ ಕಟ್ಟುತ್ತಿದ್ದಲ್ಲಿಗೆ ಹೋಗಿ ಕೇಳಿ ಮರಳು ತಂದರು. ನನ್ನ ಹಿಟ್ಟಿನ ಜರಡಿಯಲ್ಲೇ ಜರಡಿ ಹಿಡಿದರು, ತೊಳೆದರು, ಒಣಗಿಸಿದರು. ಆಮೇಲೆ ನನ್ನ ದೊಡ್ಡ ತಾಟಿನಲ್ಲಿ ಹರವಿಕೊಂಡು, ಕನ್ನಡಕ ಏರಿಸಿ ಬಿಸಿಲಿಗೆ ಕೂತರು. ಸಾಸಿವೆಗಿಂತ ದೊಡ್ಡದು, ಬೇಳೆಗಿಂತ ಸಣ್ಣದು, ಸ್ವಲ್ಪ ಮೂಲೆಯಿರುವುದು ಬೇಕು. ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡಿ ಬಟ್ಟಲಿಗೆ ಹಾಕುತ್ತಿದ್ದರು. ಪಕ್ಕದಲ್ಲಿ ನಾನು ಅಕ್ಕಿ ಹಸನು ಮಾಡುತ್ತಿದ್ದೆ. ನಾನು ಹರಳು ತೆಗೆದು ಎಸೆಯುವವಳು, ಅವರು ಹರಳು ಆರಿಸಿ ಇಡುವವರು. ನನ್ನ ಮೈ ಉರಿದುಹೋಯಿತು.

ಉರಿಗೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ನಾವು ಸಂಭಾಜಿನಗರದಲ್ಲಿ, ಆಗಿನ ಔರಂಗಾಬಾದಿನಲ್ಲಿ, ಒಂದೇ ಕೋಣೆಯ ಮನೆಯಲ್ಲಿದ್ದೆವು. ಒಂದು ಮಧ್ಯಾಹ್ನ ಅವರ ಹಲ್ಲಿಗೆ ಹರಳು ಸಿಕ್ಕಿತು. ತುಟಿ ಪಿಟಕ್ಕೆನ್ನದೆ ತಾಟು ಸರಿಸಿ ಎದ್ದರು, ಉಣ್ಣದೆ ಕಾರ್ಖಾನೆಗೆ ಹೋದರು. ಬೈದಿದ್ದರೆ ಮರೆಯುತ್ತಿದ್ದೆ. ಅಂದಿನಿಂದ ಇಂದಿನವರೆಗೆ ನಾನು ಅಕ್ಕಿಯನ್ನು ಎರಡೆರಡು ಸಲ ಹಸನು ಮಾಡುತ್ತೇನೆ. ಈಗಿನ ಅಂಗಡಿ ಅಕ್ಕಿಯಲ್ಲಿ ಹರಳೇ ಇರುವುದಿಲ್ಲ, ಆದರೂ ಮಾಡುತ್ತೇನೆ. ಒಂದು ದಿನವೂ ಅವರು ನನ್ನ ಅಕ್ಕಿಯ ತಾಟಿಗೆ ಕೈ ಹಾಕಿ, ತಾ ಇಲ್ಲಿ ಎಂದವರಲ್ಲ.

ಕೋಳಿ ಚೇತರಿಸಿಕೊಂಡಿತು. ಅದರ ಎದೆಯ ಮೇಲಿನ ಮೇವಿನ ಚೀಲವನ್ನು ಸಂಜೆ ಅವರು ಬೆರಳಿನಿಂದ ಮೆತ್ತಗೆ ಸವರುತ್ತಿದ್ದರು. ನನ್ನ ಮೊಣಕಾಲಿಗೆ ನಾನೇ ಎಣ್ಣೆ ತಿಕ್ಕಿಕೊಳ್ಳುತ್ತ ಒಳಗಿನಿಂದ ನೋಡುತ್ತಿದ್ದೆ. ಸವತಿ ತಂದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ನನಗೆ ಅವರ ಉಪಚಾರವೇನೂ ಬೇಕಿರಲಿಲ್ಲ. ಆ ಮಧ್ಯಾಹ್ನ ಅವರಿಗೂ ನೆನಪಿದ್ದರೆ ಅಷ್ಟೇ ಸಾಕಿತ್ತು.

ಅದಕ್ಕೇ ಒಂದು ದಿನ ಕೋಳಿಯ ಬಟ್ಟಲಿನಿಂದ ಒಂದು ಹರಳು ಕದ್ದು, ತೊಳೆದು, ಅವರ ಅನ್ನದಲ್ಲಿ ಇಟ್ಟೆ. ಇಟ್ಟು ಎದುರಿಗೇ ಕೂತೆ. ಎರಡನೆಯ ತುತ್ತಿಗೆ ಕಟ್ಟೆಂದಿತು. ಅವರು ಬಾಯಿ ನಿಲ್ಲಿಸಿದರು. ಸಿಟ್ಟು ಬರಲಿ, ಎದ್ದು ಹೋಗಲಿ, ಆಗಲಾದರೂ ಹಳೆಯದು ನೆನಪಾದೀತು ಎಂದು ಕಾದೆ.

ಅವರು ಹರಳನ್ನು ತೆಗೆದು, ಪಂಚೆಯ ಅಂಚಿಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು.

"ಛಲೋ ಹರಳ ಅದ. ಬಿಳೀದಕ್ಕ ಆಗ್ತದ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಇಷ್ಟು ವರ್ಷ ಆತು, ನಿನ್ನ ಕೈಯಾಗಿನ ಅನ್ನದಾಗ ಹರಳ ಸಿಕ್ಕಿದ್ದು ಇವತ್ತೇ ಮೊದಲ ನೋಡು."

ಮೊದಲಂತೆ. ಹೊಗಳಿದ್ದಕ್ಕೆ ಹಿಗ್ಗಬೇಕೋ, ಮರೆತದ್ದಕ್ಕೆ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರು ಹರಳನ್ನು ಹಿಡಿದುಕೊಂಡು ಎದ್ದೇಬಿಟ್ಟಿದ್ದರು.

"ಉಂಡು ಏಳ್ರಿ" ಎಂದೆ.

"ಬಂದೆ" ಎನ್ನುತ್ತ ಹಿತ್ತಲಿಗೆ ನಡೆದರು. ಅಂದು ಸಿಟ್ಟಿನಿಂದ ಎದ್ದಿದ್ದರು, ಇಂದು ಖುಷಿಯಿಂದ. ಬಿಟ್ಟು ಹೋದ ತಾಟಿನ ಮುಂದೆ ಕೂತವಳು ಎರಡೂ ಸಲ ನಾನೇ.