ಕಪಾಟಿನಲ್ಲಿದ್ದ ಪಾಠಗಳು

ನನ್ನ ತಂಗಿ ನೀಲಾ ದಣಿದಿದ್ದಾಳೆ. ಅವಳಂತೂ ಒಪ್ಪುವುದಿಲ್ಲ, ಅದಕ್ಕೇ ನಾನು ಹೇಳಬೇಕಾಗಿದೆ. ಪುಣೆಯ ಫೈನಾನ್ಸ್ ಕಂಪನಿಯಲ್ಲಿ ಅಂಕಿಸಂಖ್ಯೆ ನೋಡಿ ಯಾವ ಧಂದೆ ಉಳಿಯುತ್ತದೆ, ಯಾವುದು ಮುಳುಗುತ್ತದೆ ಎಂದು ಹೇಳುವ ಕೆಲಸ ಅವಳದಾಗಿತ್ತು. ಅದನ್ನು ಬಿಟ್ಟು ಬಂದು, ಉಣಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಚೇರಿ ತೆರೆದು, ಸರ್ಕಾರಿ ಶಾಲೆಯ ಮಕ್ಕಳಿಗೆ ಟ್ಯಾಬಿನಲ್ಲಿ ಗಣಿತ ಕಲಿಸುತ್ತೇನೆಂದು ಹೊರಟಳು. ಸೋಫಾದ ತುಂಬ ಚಾರ್ಜರ್ ವೈರುಗಳು. ಮನೆಗೆ ಬಂದವರಿಗೆ ಕೂರಲು ಜಾಗವಿಲ್ಲ.

ಟ್ಯಾಬು ಕೊಡಿಸಿ, ಇವಳ ಜೊತೆ ಕೆಲಸಕ್ಕಿದ್ದವರಿಗೆ ಸಂಬಳ ಕೊಡುತ್ತಿದ್ದುದು ಬೆಂಗಳೂರಿನ ಒಂದು ದಾನಿ ಸಂಸ್ಥೆ. ಮಕ್ಕಳು ಬಳಸುವುದನ್ನು ತೋರಿಸಿದರೆ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಅವರು ಈ ವರ್ಷ ಖಡಕ್ಕಾಗಿ ಹೇಳಿದರು. ಬಹಳ ಶಾಲೆಗಳಲ್ಲಿ ಬಳಕೆ ಅಷ್ಟಕ್ಕಷ್ಟೇ. ರಾಯಾಪುರದ ಆಚೆಯ ಒಂದು ಸಣ್ಣ ಶಾಲೆಯಲ್ಲಿ ಮಾತ್ರ ದಿನಾ ಪಾಠ ನಡೆದದ್ದು, ಟ್ಯಾಬುಗಳ ಲೆಕ್ಕ ಬರುವ ನೀಲಾಳ ಮೊಬೈಲಿನಲ್ಲಿ ಕಾಣುತ್ತಿತ್ತು, ಉತ್ತರಗಳೂ ಎಲ್ಲ ಸರಿ. ಆ ಒಂದು ಶಾಲೆಯನ್ನು ನೆಚ್ಚಿಕೊಂಡೇ ಅವಳು ಉಸಿರಾಡುತ್ತಿದ್ದಳು ಎನ್ನಿ. ಸಂಸ್ಥೆಯವರು ಬರುವ ಮೊದಲು ಒಮ್ಮೆ ನೋಡಿಬರಲು ಹೊರಟಳು. ಒಬ್ಬಳೇ ಹೋದರೆ ಊಟ ಬಿಡುತ್ತಾಳೆಂದು ಬುತ್ತಿ ಕಟ್ಟಿಕೊಂಡು ನಾನೂ ಹೋದೆ.

ಅಲ್ಲಿಯ ಶಿಕ್ಷಕಿ ರುಕ್ಮವ್ವ ಅಕ್ಕೋರಿಗೆ ನಮ್ಮನ್ನು ನೋಡಿ ಹಿಗ್ಗೋ ಹಿಗ್ಗು. ಕಪಾಟಿನ ಕೀಲಿ ತೆಗೆದರು. ಟ್ಯಾಬುಗಳು ಸಾಲಾಗಿ ನಿಂತಿದ್ದವು. ಮೇಲಿನ ಪ್ಲಾಸ್ಟಿಕ್ಕನ್ನೂ ಸುಲಿದಿರಲಿಲ್ಲ, ಒಂದೊಂದಕ್ಕೂ ಮಹಾನವಮಿ ಪೂಜೆಯ ಕುಂಕುಮ ಹಚ್ಚಿತ್ತು.

"ಒಂದಕ್ಕರ ಗೀರು ಬಿದ್ದೈತೇನು ನೋಡ್ರಿ ಮೇಡಂ."

"ಮಕ್ಕಳಿಗೆ ಯಾವಾಗ ಕೊಡತೀರಿ ಅಕ್ಕೋರ?" ಎಂದಳು ನೀಲಾ.

"ಮಕ್ಕಳ ಕೈಯಾಗ? ಅಯ್ಯ, ಒಡದು ಇಟ್ಟಾವು! ಹಿಂದ ಸಾಲಿ ಟೀವಿ ಕೆಟ್ಟಾಗ ಮ್ಯಾಲಿನವರು ನನ್ನ ಎಷ್ಟ ಸಲ ಕರಸಿ ಬೈದಾರ, ನನಗ ಗೊತ್ತು."

"ಮತ್ತ ದಿನಾ ಪಾಠ ನಡದದ್ದು?"

ಅಕ್ಕೋರು ನಾಚಿ ನಕ್ಕರು. "ಸಾಲಿ ಬಿಟ್ಟ ಮ್ಯಾಲ ಎಲ್ಲಾ ಟೇಬಲ್ ಮ್ಯಾಲ ಇಟ್ಟು ನಾನ ಹಚ್ಚತೇನ್ರಿ. ಉತ್ತರಾನೂ ನಾನ ಒತ್ತತೇನಿ. ಅಷ್ಟು ದೊಡ್ಡ ನೌಕರಿ ಬಿಟ್ಟು ಬಂದೀರಿ, ನಮ್ಮ ಸಾಲಿಯಿಂದ ನಿಮ್ಮ ಹೆಸರಿಗೆ ಕುಂದು ಬರಬಾರ್ದಲ್ರಿ."

ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದೆ. ಆ ಮುಖದಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ, ಏನಂತ ಬೈಯಲಿ? ಕಂಪನಿಗಳ ಕಳ್ಳಲೆಕ್ಕ ಹಿಡಿಯುತ್ತಿದ್ದ ನನ್ನ ತಂಗಿ ಇದನ್ನು ಹಿಡಿಯಲಿಲ್ಲ. ಆಸೆ ಅವಳ ಕಣ್ಣು ಕಟ್ಟಿತ್ತು.

ನೀಲಾ ಸಂಸ್ಥೆಗೆ ಫೋನು ಹಚ್ಚಲು ಹೊರಗೆ ಹೊರಟಳು. ನಾನು ಕೈ ಹಿಡಿದೆ.

"ಹುಚ್ಚಿ, ಈಗ ಯಾಕ ಹೇಳತಿ? ನಾಳಿಂದ ಮಕ್ಕಳಿಗೆ ಕೊಡಸಿದ್ರ ಆತು. ಯಾರಿಗೆ ಗೊತ್ತಾಕ್ಕೈತಿ?"

"ನನಗ ಗೊತ್ತಾತಲ್ಲಕ್ಕ."

ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಮರಳಿ ಬಂದು ಒಂದು ಟ್ಯಾಬು ತೆಗೆದು, ಪ್ಲಾಸ್ಟಿಕ್ ಸುಲಿದು, ಕಲ್ಲಿನ ಹೊಸ್ತಿಲ ಮೇಲೆ ಬೇಕೆಂದೇ ಬೀಳಬಿಟ್ಟಳು. ಗಾಜಿನ ಮೂಲೆ ಬಿರಿಯಿತು.

"ಅಯ್ಯಯ್ಯ ಯವ್ವಾ!" ಅಕ್ಕೋರು ಚೀರಿದರು.

"ಇದನ್ನ ಒಡದಾಕಿ ನಾನ್ರಿ. ಇನ್ನ ಎಷ್ಟು ಒಡದ್ರೂ ನನ್ನ ಹೆಸರ ಹೇಳ್ರಿ. ಮಕ್ಕಳ ಕೈಯಾಗ ಕೊಡ್ರಿ, ಸಾಕು."

ಸಂಸ್ಥೆಯವರು ಬರಲೇ ಇಲ್ಲ. ಟ್ಯಾಬು ಶಾಲೆಗಳಲ್ಲೇ ಇರಲಿ, ಇನ್ನು ಮುಂದೆ ನಮ್ಮಿಂದಾಗದು ಎಂದರು. ಜೊತೆಗಿದ್ದವರು ಬೇರೆ ಕೆಲಸ ಹುಡುಕಿಕೊಂಡರು. ವೈರುಗಳನ್ನು ನಾನೇ ಸುತ್ತಿಟ್ಟೆ. ಸೋಫಾ ಖಾಲಿಯಾಯಿತು, ನನಗೇನೂ ಖುಷಿಯಾಗಲಿಲ್ಲ.

ಮೊನ್ನೆ ಸಂಜೆ ಅದೇ ಸೋಫಾದ ಮೇಲೆ ಕುಸಿದು ಕೂತು, ನೀಲಾ ನನ್ನೆದುರು ಮೊಬೈಲು ಹಿಡಿದಳು. ರುಕ್ಮವ್ವ ಅಕ್ಕೋರ ಶಾಲೆ. ಒಂದೇ ಟ್ಯಾಬು ಓಡಿತ್ತು, ಅದೂ ಹತ್ತು ನಿಮಿಷ. ಒತ್ತಿದ ಉತ್ತರಗಳೆಲ್ಲ ತಪ್ಪು.

"ನೋಡಕ್ಕ," ಎಂದಳು, ಕಣ್ಣು ಮುಚ್ಚಿಕೊಳ್ಳುತ್ತ, "ಯಾವದೋ ಕೂಸು ಖರೇನ ಲೆಕ್ಕಾ ಮಾಡೈತಿ."